ಮೊಬೈಲಲ್ಲಿ ಯೆಲ್ಲೋ ಅಲರ್ಟ್, ತೋಟದಲ್ಲಿ ಧೂಳು: ಭರಣಿ ಮಳೆಗೆ ಮುಂಚೆ ಓದಿಕೊಳ್ಳಬೇಕಾದ್ದು

ಏಪ್ರಿಲ್ ಕೊನೆ ಬಂತು ಅಂದ್ರೆ ನಮ್ಮ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದೇ ಪ್ರಶ್ನೆ. ‘ತುಮಕೂರಿಗೆ ಯೆಲ್ಲೋ ಅಲರ್ಟ್ ಅಂತೆ, ನಿಮ್ಮಲ್ಲಿ ಬಂತಾ?’ ಹುಳಿಯಾರಿನವರು ಒಂದು ಹನಿ ಇಲ್ಲ ಅಂತಾರೆ. ಬೋರನಕಣಿವೆ ಕಡೆಯವರು ಅರ್ಧ ಗಂಟೆ ಸುರೀತು ಅಂತಾರೆ. ತುರುವೇಕೆರೆಯವರದ್ದು ಬರೀ ಗುಡುಗು. ಮೂರೂ ನಿಜವೇ. ಇಲಾಖೆಯವರು ಸುಳ್ಳು ಹೇಳಿದ್ರು ಅಂತ ಬೈಯೋ ಮುಂಚೆ ಅವರು ಹೇಳಿದ್ದೇನು ಅನ್ನೋದನ್ನ ಸ್ವಲ್ಪ ನಿಧಾನವಾಗಿ ಓದೋಣ.

ಹವಾಮಾನ ಇಲಾಖೆಯ ಭಾಷೆಯಲ್ಲಿ ನಾವು ‘ದಕ್ಷಿಣ ಒಳನಾಡು’. ‘ಒಂದೆರಡು ಕಡೆ ಮಳೆ’ ಅಂದ್ರೆ ಆ ಪ್ರದೇಶದ ಮಳೆ ಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಶೇ. 25ರಷ್ಟು ಕಡೆ ಮಳೆ. ‘ಕೆಲವು ಕಡೆ’ ಅಂದ್ರೆ ಶೇ. 26ರಿಂದ 50. ‘ಹಲವು ಕಡೆ’ ಅಂದ್ರೆ ಶೇ. 51ರಿಂದ 75. ಅದಕ್ಕೂ ಮೇಲೆ ಇದ್ರೆ ‘ಬಹುತೇಕ ಕಡೆ’. ಭರಣಿ ಹೊತ್ತಿಗೆ ನಮಗೆ ಬರೋ ಮುನ್ಸೂಚನೆ ಹೆಚ್ಚಿನ ದಿನ ಮೊದಲ ಎರಡು ಬಗೆಯದ್ದು. ಅಂದ್ರೆ ನಾಲ್ಕು ಕಡೆ ನೋಡಿದ್ರೆ ಮೂರು ಕಡೆ ಒಣಗಿದ್ದರೂ ಮುನ್ಸೂಚನೆ ಸರಿಯೇ! ಇನ್ನು ಯೆಲ್ಲೋ ಅಂದ್ರೆ ‘ಗಮನವಿರಲಿ’ ಅಂತ ಅಷ್ಟೆ. ಈ ತಿಂಗಳಲ್ಲಿ ಅದು ಬರೋದು ಹೆಚ್ಚಾಗಿ ಗುಡುಗು, ಗಾಳಿ, ಸಿಡಿಲಿಗೆ. ಬಿತ್ತನೆಗೆ ಸಿಕ್ಕ ಹಸಿರು ನಿಶಾನೆ ಅಲ್ಲ.

ನಮ್ಮ ಮಳೆ ಹೀಗೆ ತುಂಡುತುಂಡಾಗಿ ಬೀಳೋದಕ್ಕೆ ಕಾರಣ ಇದೆ. ಜೂನ್, ಜುಲೈನ ಮುಂಗಾರು ಮೋಡ ಪಶ್ಚಿಮ ಘಟ್ಟದಲ್ಲೇ ನೀರು ಇಳಿಸಿ, ಚಿಕ್ಕಮಗಳೂರು ದಾಟಿ ನಮ್ಮಲ್ಲಿಗೆ ಬರೋ ಹೊತ್ತಿಗೆ ಹಗುರ ಆಗಿರುತ್ತೆ. ಭರಣಿ, ಕೃತ್ತಿಕೆ ಮಳೆ ಹಾಗಲ್ಲ. ಅದು ಇಲ್ಲೇ ಹುಟ್ಟಿ ಇಲ್ಲೇ ಬೀಳೋ ಮಳೆ. ಬೆಳಗಿಂದ ಕಾದ ನೆಲದಿಂದ ಬಿಸಿಗಾಳಿ ಮೇಲೇರುತ್ತೆ. ಅದಕ್ಕೆ ಸಮುದ್ರದ ಕಡೆಯ ತೇವ ಸಿಕ್ಕರೆ ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತೆ. ಚಿಕ್ಕನಾಯಕನಹಳ್ಳಿಯ ಗುಡ್ಡಸಾಲಿನ ಇಳಿಜಾರು ಆ ಗಾಳಿಗೆ ಮೆಟ್ಟಿಲಿದ್ದ ಹಾಗೆ, ಇನ್ನಷ್ಟು ಮೇಲೆ ತಳ್ಳುತ್ತೆ. ಒಂದೊಂದು ಮೋಡದ ಹರವು ಕೆಲವೇ ಕಿಲೋಮೀಟರ್. ಗುಡ್ಡದ ಈ ಮಗ್ಗುಲಿಗೆ ಬಿದ್ದದ್ದು ಆ ಮಗ್ಗುಲಿಗೆ ಇಲ್ಲ. ಬೋರನಕಣಿವೆಯಲ್ಲಿ ಸುವರ್ಣಮುಖಿಗೆ ಮೈಸೂರು ಅರಸರ ಕಾಲದಲ್ಲಿ ಕಟ್ಟೆ ಕಟ್ಟಿದ್ದೂ ಗುಡ್ಡದ ನೀರು ನಿಲ್ಲಲಿ ಅಂತಲೇ ಅಲ್ವಾ.

ಹಾಗಾಗಿ ಜಿಲ್ಲಾ ಮುನ್ಸೂಚನೆ ನೋಡಿ ಸುಮ್ಮನಾಗಬೇಡಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯ್ತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದೆ. ಅವರ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ನಿಮ್ಮ ಹೋಬಳಿ ಹೆಸರು ಹೇಳಿ ಕೇಳಬಹುದು. ಮೇಘದೂತ್ ಆಪ್‌ನಲ್ಲಿ ಮಂಗಳವಾರ ಮತ್ತು ಶುಕ್ರವಾರ ಐದು ದಿನದ ಮುನ್ಸೂಚನೆ ಜೊತೆ ಬೆಳೆ ಸಲಹೆ ಬರುತ್ತೆ. ಇನ್ನೊಂದು ವಿಷಯ: ತಿಪಟೂರು, ಚಿಕ್ಕನಾಯಕನಹಳ್ಳಿ ಸೇರೋದು ಮಧ್ಯ ಒಣವಲಯಕ್ಕೆ, ತುರುವೇಕೆರೆ ದಕ್ಷಿಣ ಒಣವಲಯಕ್ಕೆ. ಪಕ್ಕದ ತಾಲ್ಲೂಕಿನ ಸ್ನೇಹಿತ ಫಾರ್ವರ್ಡ್ ಮಾಡಿದ ಸಲಹೆ ನಿಮ್ಮ ಹೊಲಕ್ಕೆ ಹೊಂದದೇ ಇರಬಹುದು.

ಟಿವಿಯವರು ‘ಕೇರಳಕ್ಕೆ ಮುಂಗಾರು’ ಅಂತ ಕುಣಿಯೋದಕ್ಕೂ ನಮಗೂ ಅಷ್ಟು ನಂಟಿಲ್ಲ. ಕೇರಳಕ್ಕೆ ಅದು 2023ರಲ್ಲಿ ಬಂದದ್ದು ಜೂನ್ 8ಕ್ಕೆ, 2024ರಲ್ಲಿ ಮೇ 30ಕ್ಕೆ, 2025ರಲ್ಲಿ ಮೇ 24ಕ್ಕೆ. ನಮ್ಮ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್‌ದು. ಅಲ್ಲಿವರೆಗೆ ತೋಟ ಜೀವ ಹಿಡಿದಿರೋದು ಈ ಬೇಸಿಗೆ ಮಳೆಯನ್ನ ಎಷ್ಟು ಹಿಡಿದಿಟ್ಟುಕೊಂಡ್ವಿ ಅನ್ನೋದರ ಮೇಲೆ.

ಮೊದಲು ಹೆಸರುಕಾಳಿನ ವಿಷಯ, ಯಾಕಂದ್ರೆ ಅಲ್ಲೇ ದುಡ್ಡು ಹೋಗೋದು. ಮೊದಲ ಹದಿನೈದು ನಿಮಿಷದ ಮಳೆಗೇ ಕೂರಿಗೆ ಹೂಡೋರು ಇದ್ದಾರೆ. ಮೇಲ್ಮಣ್ಣು ಮಾತ್ರ ನೆನೆದಾಗ ಬೀಜ ಮೊಳೆಯುತ್ತೆ, ಆಮೇಲೆ ಎಂಟು ದಿನ ಬಿಸಿಲು ಕಾಯ್ದರೆ ಸುಟ್ಟುಹೋಗುತ್ತೆ. ನನ್ನ ಲೆಕ್ಕ ಸರಳ: ಗುದ್ದಲಿಯಲ್ಲಿ ಅಗೆದು ನೋಡಿ, ಗೇಣುದ್ದ ಹಸಿ ಇಳಿದಿರಬೇಕು. ನಮ್ಮ ಕೆಂಪು ಮಣ್ಣಿಗೆ ಅದಕ್ಕೆ ಸುಮಾರು 25 ಮಿ.ಮೀ. ಬೇಕು, ಒಂದೇ ಸಲ ಆದ್ರೂ ಸರಿ, ಎರಡು ದಿನದಲ್ಲಿ ಆದ್ರೂ ಸರಿ. ಜೊತೆಗೆ ಐದು ದಿನದ ಮುನ್ಸೂಚನೆಯಲ್ಲಿ ಇನ್ನೊಂದು ಮಳೆ ಕಾಣಬೇಕು. ಮೇ ಎರಡನೇ ವಾರದೊಳಗೆ ಬಿತ್ತಿದ್ರೆ ಎರಡು ತಿಂಗಳ ಸ್ವಲ್ಪ ಆಚೆಗೆ ಕೊಯ್ದು ರಾಗಿಗೆ ಹೊಲ ಬಿಟ್ಟುಕೊಡಬಹುದು. ಕೃತ್ತಿಕೆಯೂ ಕೈಕೊಟ್ಟರೆ ಹೆಸರಿನ ಆಸೆ ಬಿಟ್ಟು ಅಲಸಂದೆ, ಸೆಣಬು ಚೆಲ್ಲಿ ಗೊಬ್ಬರಕ್ಕೆ ಮುಚ್ಚೋದು ಲೇಸು.

ಈಗ ತೆಂಗು. ಒಂದು ಮಿ.ಮೀ. ಮಳೆ ಅಂದ್ರೆ ಚದರ ಮೀಟರಿಗೆ ಒಂದು ಲೀಟರ್ ನೀರು. ಮರದ ಸುತ್ತ ಎರಡು ಮೀಟರ್ ಬಿಟ್ಟು ಪಾತಿ ಮಾಡಿದ್ರೆ 10 ಮಿ.ಮೀ. ಮಳೆಗೆ ಪಾತಿಯೊಳಗೇ 125 ಲೀಟರ್ ಬೀಳುತ್ತೆ, ಡ್ರಿಪ್‌ನಲ್ಲಿ ಸುಮಾರು ಎರಡು ದಿನ ಕೊಡೋ ನೀರು. ಎಕರೆಗೆ 25 ಮಿ.ಮೀ. ಅಂದ್ರೆ ಒಂದು ಲಕ್ಷ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಇಪ್ಪತ್ತು ಸಲ ಬಂದ ಹಾಗೆ! ಆದ್ರೆ ಗಟ್ಟಿಯಾದ ಪಾತಿ ಮೇಲೆ ರಭಸದ ಮಳೆ ನಿಲ್ಲಲ್ಲ, ಹರಿದು ಪಕ್ಕದವರ ತೋಟ ಸೇರುತ್ತೆ. ಈ ವಾರವೇ ಪಾತಿಯನ್ನ ಮೇಲ್ಮೇಲೆ ಕೆದಕಿ (ರೋಟವೇಟರ್ ಬೇಡ, ಬೇರು ಹರಿಯುತ್ತೆ), ಗರಿ ಮುಚ್ಚಿ. ಸಾಲಿನ ನಡುವೆ ಇಳಿಜಾರಿಗೆ ಅಡ್ಡವಾಗಿ ಕಾಲುವೆ ತೆಗೆದು ಕಾಯಿ ಸಿಪ್ಪೆಯನ್ನ ಒಳಮೈ ಮೇಲೆ ಬರೋ ಹಾಗೆ ಜೋಡಿಸಿ ಮಣ್ಣು ಎಳೆಯಿರಿ. ಸಿಪ್ಪೆ ತನ್ನ ತೂಕದ ಮೂರರಿಂದ ಐದು ಪಟ್ಟು ನೀರು ಹಿಡಿಯುತ್ತೆ. ನಾರಿನ ಫ್ಯಾಕ್ಟರಿಯವರಿಗೆ ಪೂರ್ತಿ ಮಾರಬೇಡಿ ಅಂತ ನಾನು ಹೇಳೋದು ಇದಕ್ಕೇ.

‘ಮರ ತಡಕೊಳ್ಳುತ್ತೆ ಬಿಡಿ’ ಅನ್ನೋರಿಗೆ ಒಂದು ಮಾತು. ತೆಂಗಿನಲ್ಲಿ ಹೊಂಬಾಳೆ ಮರದೊಳಗೆ ಮೊಳಕೆಯಾಗಿ ಕಾಯಿ ಬಲಿಯೋ ತನಕ ಮೂರೂವರೆ ವರ್ಷದ ಹತ್ತಿರ ಬೇಕು. ಈ ಬೇಸಿಗೆಯಲ್ಲಿ ಹರಳು ಉದುರೋದು ಕಣ್ಣಿಗೆ ಕಾಣೋ ನಷ್ಟ. ಒಳಗಿನ ಎಳೇ ಹೊಂಬಾಳೆ ಸೊರಗಿದ್ದು ಗೊತ್ತಾಗೋದು ಎರಡು ಮೂರು ವರ್ಷ ಬಿಟ್ಟು, ಕಾಯಿ ಕೆಡವಿದಾಗ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತು, ಹಿಂದೆಯೇ 2024ರ ಬಿಸಿಲು. ಮಳೆ ಚೆನ್ನಾದ ವರ್ಷವೂ ಗೊನೆ ತೆಳ್ಳಗಿದ್ರೆ ಗೊಬ್ಬರ ಬದಲಿಸೋ ಮುಂಚೆ ಈ ಹಳೇ ಲೆಕ್ಕ ನೆನಪು ಮಾಡ್ಕೊಳ್ಳಿ.

ಬಿಳಿನೊಣ ಒಣಹವೆಗೆ ಹೆಚ್ಚುತ್ತೆ, ಒಂದೆರಡು ಜೋರು ಮಳೆ ಬಿದ್ದರೆ ತಗ್ಗುತ್ತೆ. ಈಗ ಕೀಟನಾಶಕ ಹೊಡೆದು ಅದನ್ನ ತಿನ್ನೋ ಪರತಂತ್ರ ಜೀವಿಗಳನ್ನ ಕೊಲ್ಲಬೇಡಿ. ಕೊಬ್ಬರಿ ಸುಲಿಸೋ ಯೋಚನೆ ಇದ್ರೆ ಎರಡು ಮೂರು ದಿನ ಒಣಹವೆ ಕಂಡಾಗ ಮಾತ್ರ ಆಳು ಕರೀರಿ. ಅಂಗಳದಲ್ಲಿ ನೆಂದ ಉಂಡೆಗೆ ಬೂಸ್ಟು ಬಂದ್ರೆ ಮಂಡಿಯಲ್ಲಿ ಯಾರೂ ಕರುಣೆ ತೋರಿಸಲ್ಲ.

ಸಿಡಿಲಿಗೆ ದಾಮಿನಿ ಆಪ್ ಹಾಕ್ಕೊಳ್ಳಿ, ಲೊಕೇಶನ್ ಆನ್ ಇರಲಿ. ಸುತ್ತಮುತ್ತ ಸಿಡಿಲಿನ ಸೂಚನೆ ಬಂದ ಕೂಡಲೇ ಕೆಲಸ ಬಿಟ್ಟು ಮನೆ ಸೇರಿ. ತೆಂಗಿನ ಮರದ ಬುಡ, ತಗಡಿನ ಪಂಪ್‌ಶೆಡ್ ಎರಡೂ ಬೇಡ. ಹಸು ಮರಕ್ಕೆ ಕಟ್ಟಿದ್ರೆ ಮೋಡ ಕಪ್ಪಾಗೋ ಮುಂಚೆಯೇ ಬಿಚ್ಚಿ ಕೊಟ್ಟಿಗೆಗೆ ಹೊಡೀರಿ. ಮಳೆ ನಿಂತ ಮೇಲೆ ಅಳೆಯೋಕೆ ನೇರ ಗೋಡೆಯ ಒಂದು ಡಬ್ಬ ಬಯಲಲ್ಲಿಟ್ಟಿದ್ರೆ ಸಾಕು. ಒಳಗೆ ನಿಂತ ನೀರಿನ ಎತ್ತರ ಸ್ಕೇಲ್‌ನಲ್ಲಿ ಎಷ್ಟು ಮಿ.ಮೀ. ಬರುತ್ತೋ ಅಷ್ಟೇ ನಿಮ್ಮ ತೋಟದ ಮಳೆ. ತಾರೀಕು ಸಮೇತ ಮೊಬೈಲಲ್ಲಿ ಬರೆದಿಡಿ.