ರಾಕೆಟ್ಟಿಗೆ ತೆರಿಗೆ ಕಟ್ಟಿದ ಊರುಗಳು

ಅಮೆರಿಕದ ನ್ಯೂ ಮೆಕ್ಸಿಕೋ ಸಿರಿವಂತ ರಾಜ್ಯವೇನಲ್ಲ. ಆದರೂ ಅಲ್ಲಿನ ಸರ್ಕಾರ 20 ಕೋಟಿ ಡಾಲರ್‌ಗೂ ಹೆಚ್ಚು ಸುರಿದು, ಮರುಭೂಮಿಯಲ್ಲಿ ‘ಸ್ಪೇಸ್‌ಪೋರ್ಟ್ ಅಮೆರಿಕ’ ಎಂಬ ಉಡಾವಣಾ ಕೇಂದ್ರ ಕಟ್ಟಿಸಿತು.

ದುಡ್ಡು ಬಂದದ್ದೆಲ್ಲಿಂದ? ಗವರ್ನರ್ ಬಿಲ್ ರಿಚರ್ಡ್‌ಸನ್ ಪಟ್ಟು ಹಿಡಿದರು, ಶಾಸನಸಭೆ ಅನುದಾನ ಕೊಟ್ಟಿತು. 2007 ಮತ್ತು 2008ರಲ್ಲಿ ಡೋನ್ಯಾ ಆನಾ, ಸಿಯೆರಾ ಕೌಂಟಿಗಳ ಜನ ತಾವೇ ಮತ ಹಾಕಿ, ನೂರು ಡಾಲರ್ ವ್ಯಾಪಾರಕ್ಕೆ 25 ಸೆಂಟ್ ಹೆಚ್ಚುವರಿ ತೆರಿಗೆ ಒಪ್ಪಿಕೊಂಡರು. ಅಂಗಡಿಯಲ್ಲಿ ಷರಟು ಕೊಂಡವರದ್ದೂ ರಾಕೆಟ್ಟಿಗೆ ವಂತಿಗೆ!

ಮುಖ್ಯ ಬಾಡಿಗೆದಾರ, ಬಾಹ್ಯಾಕಾಶ ಪ್ರವಾಸದ ಕಂಪನಿ ವರ್ಜಿನ್ ಗ್ಯಾಲಕ್ಟಿಕ್. ಒಬ್ಬನನ್ನೇ ನೆಚ್ಚಿದ್ದೇ ಇಲ್ಲಿನ ತೊಡಕು.

ಕಂಪನಿಯ ಸ್ಥಾಪಕ ರಿಚರ್ಡ್ ಬ್ರಾನ್ಸನ್ ಇಲ್ಲಿಂದ ಹಾರಿದ್ದು 2021ರಲ್ಲಿ. ವಾಣಿಜ್ಯ ಯಾನ ಶುರುವಾದದ್ದು 2023ರಲ್ಲಿ. ಮರುವರ್ಷ ಜೂನ್‌ನಲ್ಲೇ, ಹೊಸ ನೌಕೆ ಕಟ್ಟಲೆಂದು, ಕಂಪನಿ ಹಳೆಯದಕ್ಕೆ ವಿದಾಯ ಹೇಳಿ ಹಾರಾಟ ನಿಲ್ಲಿಸಿತು. ಈ ನಡುವೆ ಸ್ಪಿನ್‌ಲಾಂಚ್ ಕಂಪನಿಯ ಪ್ರಯೋಗಗಳಿಗೂ, ವಿದ್ಯಾರ್ಥಿಗಳ ರಾಕೆಟ್ ಸ್ಪರ್ಧೆಗಳಿಗೂ ಇದೇ ನೆಲ ಒದಗಿತು.