ಕೆಟಲ್‌ಬೆಲ್ ಹಿಡಿಯುವ ಕೈಗೆ ಬಿಡಲೂ ಬರಬೇಕು

ಜಿಮ್ಮಿಗೆ ಹೊಸದಾಗಿ ಸೇರಿದವರ ಕೈಗೆ ಕೆಟಲ್‌ಬೆಲ್ ಎಂಬ ಹಿಡಿಯಿರುವ ಲೋಹದ ಗುಂಡನ್ನು ಕೊಟ್ಟರೆ ಅವರು ಮೊದಲು ಮಾಡುವ ಕೆಲಸ ಅದರ ಹಿಡಿಯನ್ನು ಶಕ್ತಿಯಿದ್ದಷ್ಟೂ ಹಿಂಡುವುದು. ಹತ್ತಿಪ್ಪತ್ತು ಸಲ ಬೀಸುವಷ್ಟರಲ್ಲಿ ಮುಂಗೈ ಬಿಗಿದುಕೊಂಡು ಬೆರಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಸೊಂಟ, ತೊಡೆ, ಉಸಿರು ಇನ್ನೂ ದಣಿದೇ ಇರುವುದಿಲ್ಲ. ಕೈಯಲ್ಲಿ ಬಲ ಸಾಲದೆಂದುಕೊಂಡು ಮರುದಿನ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾರೆ. ಹಿಡಿತ ಬಿಗಿಯಾದಷ್ಟೂ ಬಲ ಹೆಚ್ಚು ಎಂಬ ಈ ನಂಬಿಕೆ ಅರ್ಧ ಮಾತ್ರ ನಿಜ. ಹೆಚ್ಚು ಭಾರ ಎತ್ತುವುದಕ್ಕೆ ಬೇಕಾದ ಹಿಡಿತ ಬೇರೆ, ಹೆಚ್ಚು ಹೊತ್ತು ಎತ್ತುವುದಕ್ಕೆ ಬೇಕಾದ ಹಿಡಿತ ಬೇರೆ. ಯಾವಾಗ ಬಿಗಿಯಬೇಕು, ಯಾವಾಗ ಸಡಿಲಿಸಬೇಕು ಎಂಬುದು ಗೊತ್ತಿರುವ ಕೈಯೇ ಪಳಗಿದ ಕೈ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ದುಡಿಮೆಗಾರರಿಗೆ ಇದು ಯಾರೂ ಹೇಳಿಕೊಡದೆಯೇ ಬಂದಿದೆ. ಜಿಮ್ಮಿನಲ್ಲಿ ಮಾತ್ರ ಇದನ್ನು ಕಲಿಸಬೇಕಾಗಿದೆ.

ಈ ಸೀಮೆಯಲ್ಲಿ ಕಡಲೆಕಾಯಿ ಕೀಳುವ ಕೈಗಳನ್ನು ಹತ್ತಿರದಿಂದ ಗಮನಿಸಬೇಕು. ನೆಲ ಹದವಾಗಿದ್ದಾಗ ಗಿಡದ ಬುಡಕ್ಕೆ, ಮಣ್ಣಿಗೆ ತಾಗುವಷ್ಟು ಕೆಳಗೆ ಬೆರಳು ಸುತ್ತಿ, ಬಾಗಿದ ಸೊಂಟದ ಬಲದಿಂದ ಮೇಲೆಳೆಯುತ್ತಾರೆ. ಎಳೆಯುವ ಆ ಕ್ಷಣಕ್ಕಷ್ಟೇ ಮುಷ್ಟಿ ಬಿಗಿ. ಗಿಡ ಬಂದು, ಮಣ್ಣು ಒದರಿ, ಗುಡ್ಡೆಗೆ ಹಾಕುವಾಗ ಕೈ ಸಡಿಲವಾಗಿರುತ್ತದೆ. ಬಿರುಸು ನೆಲದಲ್ಲಿ ಆತುರದಿಂದ ಜಗ್ಗಿದರೆ ಗಿಡ ಕೈಗೆ ಬಂದು ಕಾಯಿ ನೆಲದಲ್ಲೇ ಉಳಿಯುತ್ತದೆ. ಮೂಟೆ ಹೊರುವ ಹಮಾಲರು ಕಬ್ಬಿಣದ ಕೊಕ್ಕೆ ಇಟ್ಟುಕೊಳ್ಳುವುದಕ್ಕೂ ಕಾರಣ ಇದೇ: ನುಣುಪು ಚೀಲವನ್ನು ಬೆರಳಲ್ಲಿ ಹಿಂಡುತ್ತಾ ಕೂತರೆ ಅರ್ಧ ಲಾರಿ ಇಳಿಸುವುದರೊಳಗೆ ಕೈ ಸೋಲುತ್ತದೆ. ತುಂಬಿದ ಬಕೆಟ್ ಹೊತ್ತು ದೂರ ನಡೆಯುವವರೂ ಬೆರಳುಗಳನ್ನೇ ಕೊಕ್ಕೆ ಮಾಡಿ ಹಿಡಿಗೆ ಸಿಕ್ಕಿಸಿರುತ್ತಾರೆ, ಹಿಡಿಯನ್ನು ಹಿಂಡುವುದಿಲ್ಲ.

ಮಾಂಸಖಂಡ ಪೂರ್ತಿ ಬಿಗಿದಾಗ ತನ್ನೊಳಗಿನ ರಕ್ತನಾಳಗಳನ್ನು ತಾನೇ ಅದುಮುತ್ತದೆ. ಬೆರಳು ಮಡಿಸುವ ಸ್ನಾಯುಗಳಿರುವ ಮುಂಗೈಗೆ ರಕ್ತ ಸರಿಯಾಗಿ ಹರಿಯದೆ ಆಮ್ಲಜನಕ ಕಡಿಮೆಯಾಗುತ್ತದೆ, ದಣಿವು ಬೇಗ ಬರುತ್ತದೆ. ನಡುವೆ ಒಂದು ಗಳಿಗೆ ಸಡಿಲಿಸಿದರೂ ಸಾಕು, ರಕ್ತ ಮತ್ತೆ ಹರಿಯುತ್ತದೆ. ಕೆಟಲ್‌ಬೆಲ್‌ನ ಆಕಾರ ಇದಕ್ಕೆ ಅವಕಾಶ ಕೊಡುತ್ತದೆ. ಡಂಬೆಲ್‌ನಲ್ಲಿ ಭಾರ ಮುಷ್ಟಿಯ ಎರಡೂ ಬದಿಗೆ ಸಮನಾಗಿ ಹಂಚಿಹೋಗಿರುತ್ತದೆ. ಕೆಟಲ್‌ಬೆಲ್‌ನಲ್ಲಿ ಗುಂಡು ಹಿಡಿಯಿಂದಾಚೆ ತೂಗುತ್ತದೆ. ಬೀಸಿದಾಗ ಅದು ಕಾಲುಗಳ ನಡುವೆ ಬರುವ ಹೊತ್ತಿಗೆ ಬೆರಳಿನ ಮೇಲೆ ಬೀಳುವ ಎಳೆತ ಗುಂಡಿನ ತೂಕವನ್ನೂ ಮೀರುತ್ತದೆ, ಎದೆಯ ಮಟ್ಟಕ್ಕೆ ಏರಿದಾಗ ಒಂದು ಕ್ಷಣ ಭಾರವೇ ಇಲ್ಲದಂತಾಗುತ್ತದೆ. ಕೆಳಗೆ ಬಿಗಿ, ಮೇಲೆ ಸಡಿಲ ಎಂಬ ಲಯ ಕೂಡಿಬಂದರೆ ಮುಂಗೈಗೆ ಪ್ರತಿ ಸುತ್ತಿನಲ್ಲೂ ವಿಶ್ರಾಂತಿ ಸಿಗುತ್ತದೆ. ಹಿಡಿ ಅಂಗೈಯ ನಡುವೆ ಕೂರದೆ ಬೆರಳುಗಳ ಬುಡದಲ್ಲಿ ಕೂರಬೇಕು. ಅಂಗೈ ನಡುವೆ ಇಟ್ಟರೆ ಚರ್ಮ ಮಡಿಕೆಯಾಗಿ, ಜಡ್ಡು ಕಟ್ಟಿ, ಒಂದು ದಿನ ಕಿತ್ತುಬರುತ್ತದೆ. ತಲೆಯ ಮೇಲೆ ಎತ್ತಿ ನಿಲ್ಲಿಸಿದಾಗ ಹಿಡಿ ಅಂಗೈಯ ಬುಡದ ಮೇಲೆ ಓರೆಯಾಗಿ ಕೂತು ಗುಂಡು ಮುಂಗೈಗೆ ಒರಗಿದರೆ, ಮಣಿಕಟ್ಟು ನೆಟ್ಟಗಿದ್ದರೆ, ಬೆರಳುಗಳಿಗೆ ಕೆಲಸವೇ ಉಳಿಯುವುದಿಲ್ಲ.

ಈ ಸಾಧನವನ್ನು ಬೆಳೆಸಿದ ರಷ್ಯಾದ ಕ್ರೀಡೆಯ ನಿಯಮಗಳೂ ಇದನ್ನೇ ಸಾರುತ್ತವೆ. ಧಾನ್ಯ ತೂಗುವ ಕಲ್ಲಾಗಿದ್ದ ಗುಂಡು ಅಲ್ಲಿ ಬಲಪರೀಕ್ಷೆಯ ವಸ್ತುವಾಯಿತು. ಅಲ್ಲಿನ ಹಳೆಯ ಅಳತೆಯಾದ ಒಂದು ಪೂದ್ ಎಂದರೆ 16 ಕಿಲೋಗಿಂತ ತುಸು ಹೆಚ್ಚು, ಇವತ್ತಿಗೂ 16, 24, 32 ಕಿಲೋ ಗುಂಡುಗಳು ಅದೇ ಲೆಕ್ಕದಲ್ಲಿವೆ. ಸ್ಪರ್ಧೆ 10 ನಿಮಿಷದ್ದು. ಗುಂಡು ಕೆಳಗಿಟ್ಟರೆ ಆಟ ಮುಗಿಯಿತು. ಒಂದೇ ಕೈಯಲ್ಲಿ ನೆತ್ತಿಯ ಮೇಲಕ್ಕೆ ಎತ್ತುವ ವಿಭಾಗದಲ್ಲಿ ಕೈ ಬದಲಿಸಲು ಒಂದೇ ಅವಕಾಶ. ಹಿಂಡುವ ಹಿಡಿತದಿಂದ ಅಷ್ಟು ಹೊತ್ತು ನಿಭಾಯಿಸುವುದು ಅಸಾಧ್ಯ. ಹಾಗೆಂದು ಹಿಂಡುವ ಹಿಡಿತ ವ್ಯರ್ಥವಲ್ಲ. ಗುಂಡನ್ನು ತಲೆಕೆಳಗು ಮಾಡಿ, ಹಿಡಿ ಕೆಳಗೆ ಗುಂಡು ಮೇಲೆ ಬರುವಂತೆ ನಿಲ್ಲಿಸಿದರೆ 8 ಕಿಲೋ ಕೂಡ ದೊಡ್ಡ ಭಾರವಾಗುತ್ತದೆ. ಆಗ ಇಡೀ ಮುಷ್ಟಿ ಬಿಗಿಯಲೇಬೇಕು. ಮುಷ್ಟಿಯ ಬಿಗಿ ತೋಳಿಗೂ ಭುಜಕ್ಕೂ ಹರಡಿ, ಭುಜದ ಕೀಲು ಅಲುಗಾಡದಂತೆ ನಿಲ್ಲುತ್ತದೆ. ಬಲ ಬೆಳೆಸಲು ಇದು ಒಳ್ಳೆಯ ದಾರಿ, ಆದರೆ ನಾಲ್ಕೈದು ಸಲಕ್ಕೆ ನಿಲ್ಲಿಸಬೇಕಾದದ್ದು.

ಸಡಿಲ ಹಿಡಿದರೆ ಗುಂಡು ಹಾರಿಹೋಗಿ ಯಾರಿಗಾದರೂ ಬಡಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಹೆದರಿಕೆ ನ್ಯಾಯವಾದದ್ದೇ. ಆದರೆ ಕೊಕ್ಕೆ ಹಿಡಿತವೆಂದರೆ ಬೆರಳು ಬಿಚ್ಚಿಡುವುದಲ್ಲ. ಬೆರಳು ಮಡಿಸಿಯೇ ಇರುತ್ತವೆ, ಬೇಡದ ಕಡೆ ಹಿಂಡುವುದಿಲ್ಲ, ಅಷ್ಟೇ. ಗುಂಡು ಜಾರುವ ಸಂಭವ ಹೆಚ್ಚಿರುವುದು ಬೆವೆತ ಕೈಯಲ್ಲಿ, ದಣಿದ ಮುಂಗೈಯಲ್ಲಿ. ಮೊದಲಿನದಕ್ಕೆ ಬಟ್ಟೆ, ಸೀಮೆಸುಣ್ಣದ ಪುಡಿ ಇವೆ. ಎರಡನೆಯದನ್ನು ತರುವುದೇ ಅತಿಯಾದ ಬಿಗಿ. ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು. 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಅಧ್ಯಯನವೊಂದು ಭಾರತವೂ ಸೇರಿ 17 ದೇಶಗಳ ಸುಮಾರು 1.4 ಲಕ್ಷ ಜನರ ಮುಷ್ಟಿಬಲ ಅಳೆದಿತ್ತು. ಬಲ 5 ಕಿಲೋ ಕಡಿಮೆಯಾದಂತೆಲ್ಲ ಸಾವಿನ ಅಪಾಯ ಶೇ 16ರಷ್ಟು ಹೆಚ್ಚಿತ್ತು. ಹಾಗಾದರೆ ಹಿಂಡುವುದೇ ಆಯುಷ್ಯದ ಗುಟ್ಟಲ್ಲವೇ? ಆ ಅಧ್ಯಯನ ತೋರಿಸಿದ್ದು ನಂಟನ್ನು. ಮುಷ್ಟಿಬಲ ಇಡೀ ದೇಹದ ಸ್ಥಿತಿಯ ಸುಳಿವು ಕೊಡುತ್ತದೆ. ಮುಷ್ಟಿಯೊಂದನ್ನೇ ಪಳಗಿಸಿದರೆ ಆಯುಷ್ಯ ಹೆಚ್ಚುತ್ತದೆಂದು ಅದು ಹೇಳಲಿಲ್ಲ. ಕೊಕ್ಕೆ ಹಿಡಿತದಲ್ಲಿ ಬಹಳ ಹೊತ್ತು ಬೀಸಿದರೆ ಕಾಲು, ಸೊಂಟ, ಎದೆಗೂಡು ಎಲ್ಲಕ್ಕೂ ಕೆಲಸ ಸಿಗುತ್ತದೆ.

ಹೊಲದಲ್ಲಿ ದುಡಿಯುವವರಿಗೆ ಇದೆಲ್ಲ ಯಾಕೆ ಎಂಬ ಮಾತೂ ಬರುತ್ತದೆ. ದಿನವಿಡೀ ಬಗ್ಗಿ ದುಡಿಯುವವರಿಗೆ ಬೇಕಾದದ್ದು ವಿಶ್ರಾಂತಿ; ಅವರ ಮೇಲೆ ವ್ಯಾಯಾಮ ಹೇರುವುದು ತಪ್ಪು. ಆದರೆ ದುಡಿಮೆಯೇ ಬದಲಾಗಿದೆ. ಪಾವಗಡದಲ್ಲಿ ಸುಮಾರು 13,000 ಎಕರೆ ಜಮೀನು ಗುತ್ತಿಗೆಗೆ ಹೋಗಿ ಸೋಲಾರ್ ಪಾರ್ಕ್ ಆಗಿದೆ. ಕಡಲೆಕಾಯಿ ಕೀಳದೆ ಬೆಳೆದ ಹುಡುಗ ಹುಡುಗಿಯರ ಕೈಗೆ ಆ ಲಯ ಬೇರೆಲ್ಲಿಂದಲಾದರೂ ಬರಬೇಕು. ಅದೇ ಪಾವಗಡದಲ್ಲಿ ಬಹುಕಾಲ ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿ ನೀರನ್ನೇ ಕುಡಿದು ಕೀಲು, ಬೆನ್ನು ಬಿಗಿದುಕೊಂಡವರಿದ್ದಾರೆ. ಕುತ್ತಿಗೆ ತಿರುಗದವರು, ತೋಳು ನೆತ್ತಿಯವರೆಗೆ ಏರದವರು ವೈದ್ಯರಿಗೆ ತೋರಿಸದೆ ಗುಂಡು ಬೀಸಬಾರದು, ಹಿಡಿತ ಎಷ್ಟೇ ಸರಿಯಿದ್ದರೂ.

ಕೊಳ್ಳುವವರು ತೂಕಕ್ಕೆ ಮೊದಲು ಹಿಡಿಯ ದಪ್ಪ ನೋಡಬೇಕು. ಸ್ಪರ್ಧೆಯ ಗುಂಡಿನ ಹಿಡಿ ಸಾಮಾನ್ಯವಾಗಿ 33 ಅಥವಾ 35 ಮಿಲಿಮೀಟರ್ ದಪ್ಪ. ಚಿಕ್ಕ ಕೈಯವರಿಗೆ ದಪ್ಪ ಹಿಡಿ ಸಿಕ್ಕರೆ ಬೆರಳು ಪೂರ್ತಿ ಸುತ್ತುವುದಿಲ್ಲ, ಬೇಡವೆಂದರೂ ಹಿಂಡಲೇಬೇಕಾಗುತ್ತದೆ. ಮೊದಲ ಕೆಲವು ವಾರ ಹಗುರ ಗುಂಡನ್ನು ಎರಡೂ ಕೈಯಲ್ಲಿ ಕೊಕ್ಕೆ ಹಿಡಿತದಿಂದ ಬೀಸಲಿ. ತಲೆಕೆಳಗು ನಿಲ್ಲಿಸುವುದು ಆಮೇಲೆ, ಕೊನೆಯ ಸುತ್ತಿಗೆ. ಮುಂಗೈ ಕಾಲಿಗಿಂತ ಮೊದಲು ದಣಿಯುತ್ತಿದ್ದರೆ ತೂಕ ಹೆಚ್ಚಿಸುವ ಹೊತ್ತು ಇನ್ನೂ ಬಂದಿಲ್ಲ.