ನೆಲನೆಲ್ಲಿ: ಅದರ ಜಾತಿಗಳೂ ಗುಣವೂ, ಕಾಮಾಲೆಯಲ್ಲಿ ಅದರ ಉಪಯೋಗದ ಮಿತಿಯೂ

ಹಟ್ಟಿಯಂಗಡಿಯಲ್ಲಿಯೂ ವಾರಾಹಿ ಹೊಳೆಯ ದಡದ ಇತರ ಗ್ರಾಮಗಳಲ್ಲಿಯೂ ಮಳೆ ಹಿಡಿದ ಮೇಲೆ ಬೆಟ್ಟುಗದ್ದೆಯ ಅಂಚಿನಲ್ಲಿ, ತೆಂಗಿನ ಬುಡದಲ್ಲಿ, ಅಂಗಳದ ಮೂಲೆಯಲ್ಲಿ ಗೇಣುದ್ದ ಬೆಳೆಯುವ ನೆಲನೆಲ್ಲಿಯನ್ನು ಅರಿಯದವರಿಲ್ಲ. ಇದನ್ನು ಕಳೆಯೆಂದು ಕಿತ್ತೆಸೆಯುವವರೇ ಮನೆಯಲ್ಲಿ ಒಬ್ಬರ ಕಣ್ಣು ಹಳದಿಯಾದೊಡನೆ ಇದನ್ನು ಹುಡುಕಿಕೊಂಡು ಹೋಗುವರು. ಗಿಡವನ್ನು ಬೇರುಸಹಿತ ಅರೆದು ಹಾಲಿನಲ್ಲಾಗಲಿ ಮಜ್ಜಿಗೆಯಲ್ಲಾಗಲಿ ಕದಡಿ, ಬರಿಹೊಟ್ಟೆಯಲ್ಲಿ ಕುಡಿಸಿ ಪಥ್ಯ ಹಿಡಿಸುವುದು ರೂಢಿ.

ಸಂಸ್ಕೃತದಲ್ಲಿ ಇದಕ್ಕೆ ಭೂಮ್ಯಾಮಲಕಿ, ತಾಮಲಕಿ ಎಂಬ ಹೆಸರುಗಳುಂಟು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ತಾಮಲಕಿಯು ಕೆಮ್ಮನ್ನೂ ಉಬ್ಬಸವನ್ನೂ ನೀಗುವ ಮೂಲಿಕೆಗಳ ವರ್ಗಗಳಲ್ಲಿ ಎಣಿಸಲ್ಪಟ್ಟಿದೆ. ಕಾಮಾಲೆಯ ಮದ್ದೆಂದೇ ಇದನ್ನು ಬಲ್ಲ ನಮ್ಮವರಿಗೆ ಇದು ಸೋಜಿಗವಾದೀತು.

ಸಸ್ಯಶಾಸ್ತ್ರಜ್ಞರು ಈ ಕುಲವನ್ನು ಫಿಲ್ಲಾಂತಸ್ ಎಂದು ಕರೆಯುವರು. ಉಪ್ಪಿನಕಾಯಿಗೆ ಹಾಕುವ ದೊಡ್ಡ ನೆಲ್ಲಿಯ ಮರವೂ ಇದೇ ಕುಲದ್ದು. ನಮ್ಮ ಹೊಲಗಳಲ್ಲಿ ನೆಲನೆಲ್ಲಿಯೆಂಬ ಒಂದೇ ಹೆಸರಿನಲ್ಲಿ ಹಲವು ಜಾತಿಗಳು ಬೆರೆತಿರುವುವು. ಔಷಧಕ್ಕೆ ಮುಖ್ಯವಾದುದು ಅಮಾರಸ್ ಎಂಬ ಜಾತಿ. ಇದರ ಕಾಂಡ ಹಸಿರು. ಕಾಯಿ ನುಣುಪು, ಚಿಕ್ಕ ತೊಟ್ಟಿನಲ್ಲಿ ಎಲೆಗಳ ಕೆಳಗೆ ತೂಗುವುದು. ಹೂವನ್ನು ಭೂತಗನ್ನಡಿಯಲ್ಲಿ ನೋಡಿದರೆ 5 ಎಸಳುಗಳು ಕಾಣುವುವು. ಯುರಿನೇರಿಯಾ ಎಂಬುದರ ಕಾಂಡ ಸಾಮಾನ್ಯವಾಗಿ ಕೆಂಪು ಛಾಯೆಯದು, ಕಾಯಿ ತೊಟ್ಟಿಲ್ಲದಂತೆ ಕಡ್ಡಿಗೆ ಅಂಟಿಕೊಂಡು ಒರಟಾಗಿರುವುದು, ಎಸಳುಗಳು 6. ಡೆಬಿಲಿಸ್ ಎಂಬ ಮೂರನೆಯದು ಅಮಾರಸ್ಸನ್ನು ಬಹಳ ಹೋಲುವುದು, ಆದರೆ ಅದಕ್ಕೂ 6 ಎಸಳು.

ಈ ಭೇದವು ಬರಿಯ ಪಂಡಿತರ ಚರ್ಚೆಯಲ್ಲ. ಅಮಾರಸ್ಸಿನಲ್ಲಿ ಫಿಲ್ಲಾಂತಿನ್, ಹೈಪೊಫಿಲ್ಲಾಂತಿನ್ ಎಂಬ ಲಿಗ್ನಾನ್ ವರ್ಗದ ಎರಡು ಸತ್ತ್ವಗಳುಂಟು; ಯಕೃತ್ತನ್ನು ಕಾಪಾಡುವ ಗುಣಕ್ಕಾಗಿ ಹೆಚ್ಚಾಗಿ ಪರೀಕ್ಷಿಸಲ್ಪಟ್ಟವು ಇವೇ. ಇವು ಎಲೆಯಲ್ಲಿ ಹೆಚ್ಚು, ಕಾಂಡದಲ್ಲಿ ಸ್ವಲ್ಪ. ನೀರಿನಲ್ಲಿ ಸುಲಭವಾಗಿ ಕರಗವು. ನೀರಿನ ಕಷಾಯಕ್ಕೆ ಇಳಿಯುವುದು ಬಹುಪಾಲು ಟ್ಯಾನಿನ್ ಎಂಬ ಒಗರು ಪದಾರ್ಥ. 2010ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ದಕ್ಷಿಣ ಭಾರತದ 25 ಅಂಗಡಿಗಳ ನೆಲನೆಲ್ಲಿಯನ್ನು ಪರೀಕ್ಷಿಸಲಾಗಿ, ಸುಮಾರು ನಾಲ್ಕರಲ್ಲೊಂದು ಪಾಲಿನಲ್ಲಿ ಬೇರೆ ಜಾತಿಗಳು ಕಂಡುಬಂದುವು.

1988ರಲ್ಲಿ ಮದರಾಸಿನ ವೈದ್ಯರು ಹೆಪಟೈಟಿಸ್ ಬಿ ವಿಷಾಣುವನ್ನು ದೇಹದಲ್ಲಿ ಹೊತ್ತವರಿಗೆ ಅಮಾರಸ್ಸಿನ ಪುಡಿಯನ್ನು 30 ದಿನ ಕೊಟ್ಟ ವರದಿಯು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತು. ಪುಡಿ ತಿಂದ 37 ಮಂದಿಯಲ್ಲಿ 22 ಮಂದಿಯ ರಕ್ತದಲ್ಲಿ ವಿಷಾಣುವಿನ ಗುರುತು ಮಾಯವಾಯಿತು. ಹುಸಿಮದ್ದು ತಿಂದ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ. ಲೋಕವೆಲ್ಲ ಬೆರಗಾಯಿತು. ಆದರೆ ಮುಂದೆ ಥಾಯ್ಲೆಂಡ್ ಮೊದಲಾದ ಕಡೆ ನಡೆದ ಪರೀಕ್ಷೆಗಳಲ್ಲಿ ಆ ಫಲವು ದೊರೆಯಲಿಲ್ಲ. ಆದಕಾರಣ ಈ ಗಿಡವು ಕಾಮಾಲೆಯನ್ನು ಖಂಡಿತ ಗುಣಪಡಿಸುವುದೆಂದು ಹೇಳಲಾಗದು.

ಹಾಗಾದರೆ ಊರಿನಲ್ಲಿ ಇದನ್ನು ಕುಡಿದು ವಾಸಿಯಾದವರ ಮಾತು ಸುಳ್ಳೇ? ಅಲ್ಲ. ಕೆಟ್ಟ ನೀರಿನಿಂದ ಬರುವ ಕಾಮಾಲೆಯು ಬಹುಮಂದಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುವುದು. ಆ ದಿನಗಳಲ್ಲಿ ಯಾವ ಮದ್ದನ್ನು ಕುಡಿದಿದ್ದರೂ ಕೀರ್ತಿ ಅದಕ್ಕೇ ಸಲ್ಲುವುದು. ಭಯವಿರುವುದು ಬೇರೆಡೆ. ಮಳೆಗಾಲದಲ್ಲಿ ನಾಟಿಯ ಗದ್ದೆಯ ನೀರಿನಲ್ಲಿ ಇಲಿಯ ಮೂತ್ರ ಬೆರೆತು, ಕಾಲಿನ ಗಾಯದ ಮೂಲಕ ದೇಹಕ್ಕೆ ಸೇರುವ ಇಲಿಜ್ವರವೂ ಕಣ್ಣನ್ನು ಹಳದಿ ಮಾಡಬಲ್ಲದು. ಇದು ಮೂತ್ರಪಿಂಡಗಳನ್ನು ಕೆಡಿಸಿ ಪ್ರಾಣವನ್ನೇ ಕೊಂಡೊಯ್ಯಬಹುದು. ಮೊದಲ ದಿನಗಳಲ್ಲಿಯೇ ಪೆನಿಸಿಲಿನ್, ಡಾಕ್ಸಿಸೈಕ್ಲಿನ್ ಮೊದಲಾದ ಔಷಧ ಸಿಕ್ಕಿದರೆ ಬಹುಮಟ್ಟಿಗೆ ಗುಣವಾಗುವುದು. ಕಾಮಾಲೆಯೊಂದಿಗೆ ಕಠಿಣ ಜ್ವರ, ಮೀನಖಂಡದ ನೋವು, ಕೆಂಗಣ್ಣು, ಮೂತ್ರ ಕಡಮೆಯಾಗುವುದು ಇವುಗಳಲ್ಲಿ ಯಾವುದು ಕಂಡರೂ ನೆಲನೆಲ್ಲಿ ಅರೆಯುತ್ತ ಏಳು ದಿನ ಕಾಯತಕ್ಕದ್ದಲ್ಲ; ಆ ದಿನವೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಬಸುರಿಯರಿಗೆ ಕಾಮಾಲೆಯಾದರೆ ಬೇರೆ ಯಾವ ಲಕ್ಷಣಕ್ಕೂ ಕಾಯಬಾರದು. ಆಳುಗಳನ್ನು ಗದ್ದೆಗೆ ಇಳಿಸುವ ಜಮೀನುದಾರರು ಈ ಮಾತನ್ನು ಅವರ ಮನೆಗಳಿಗೂ ಮುಟ್ಟಿಸಬೇಕು.

ಗಿಡವನ್ನು ಕೂಡಿಟ್ಟು ಮಾರಬಯಸುವವರು ಕಾಯಿಕಟ್ಟಿದ ಮೇಲೆ, ಮಳೆ ಬಿಡುವು ಕೊಟ್ಟ ದಿನ ಬೇರುಸಹಿತ ಕೀಳಬೇಕು. ಕೀಟನಾಶಕ ಸಿಂಪಡಿಸಿದ ಗದ್ದೆಯ ಅಂಚಿನದೂ ರಸ್ತೆಬದಿಯದೂ ಬೇಡ. ಮಣ್ಣು ತೊಳೆದು ನೆರಳಿನಲ್ಲಿ ತೆಳುವಾಗಿ ಹರಡಿ ಒಣಗಿಸಬೇಕು. ಎಲೆ ಉದುರಿ ಬರಿ ಕಡ್ಡಿ ಉಳಿದ ಸರಕಿನಲ್ಲಿ ಸತ್ತ್ವ ಅಲ್ಪ. ಕೆಂಪು ಕಾಂಡದ್ದನ್ನೂ ಒರಟು ಕಾಯಿಯದನ್ನೂ ಹಸಿಯಿರುವಾಗಲೇ ಬೇರ್ಪಡಿಸಬೇಕು, ಒಣಗಿದ ಮೇಲೆ ಗುರುತು ಹಿಡಿಯುವುದು ಕಷ್ಟ. ಪ್ರತಿಯೊಂದು ಮೂಟೆಗೂ ಹೂ ಕಾಯಿಗಳಿರುವ ಒಂದು ಪೂರ್ತಿ ಗಿಡವನ್ನು ಕಾಗದದ ನಡುವೆ ಒತ್ತಿ ಒಣಗಿಸಿ ಇಟ್ಟುಕೊಂಡರೆ ವ್ಯಾಪಾರಿಯು ತಕರಾರು ತೆಗೆದಾಗ ತೋರಿಸಲು ಬರುವುದು.